ಗೆಡ್ಡೆಯ ಬೆಳೆಗೆ ತಿಪ್ಪೆಯ ಗೊಬ್ಬರವೋ, ಚೀಲದ ಗೊಬ್ಬರವೋ ?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಗೊಬ್ಬರದ ಮಾತೇಕೆ ಎಂದು ವಾಚಕರಲ್ಲಿ ಕೆಲವರು ಮೂಗು ಮುರಿಯಬಹುದು. ಆದರೆ ನಮ್ಮಲ್ಲಿ ಬಹುಮಂದಿ ಒಕ್ಕಲು ಮಕ್ಕಳು. ನಾವು ಕಟ್ಟುವ ಶುಲ್ಕ, ಕೊಳ್ಳುವ ಪುಸ್ತಕ, ದಿನನಿತ್ಯದ ಬಸ್ ಚಾರ್ಜು ಇವೆಲ್ಲವೂ ಹುಟ್ಟುವುದು ಹೊಲದಲ್ಲಿಯೇ. ಅರ್ಥಶಾಸ್ತ್ರದ ತರಗತಿಯಲ್ಲಿ ಇಳಿಮುಖ ಪ್ರತಿಫಲ ನಿಯಮವನ್ನು ನಾವು ಕಪ್ಪು ಹಲಗೆಯ ಮೇಲಿನ ಒಂದು ವಕ್ರರೇಖೆಯಾಗಿ ಕಲಿಯುತ್ತೇವೆ. ಅದೇ ನಿಯಮವನ್ನು ನಮ್ಮ ಹಿರಿಯರು ಪ್ರತಿ ವರ್ಷವೂ ಗೊಬ್ಬರದ ಚೀಲದ ಮುಂದೆ ನಿಂತು ಹಣ ತೆತ್ತು ಕಲಿಯುತ್ತಿರುತ್ತಾರೆ. ಆದುದರಿಂದ ಈ ವಿಷಯವು ನಮಗೆ ಹೊರಗಿನದೇನೂ ಅಲ್ಲ.

ವಕ್ಕಲೇರಿಯ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಬಾದಾಮಿಯ ಚಾಲುಕ್ಯರ ಕೊನೆಯ ಅರಸನಾದ ಎರಡನೆಯ ಕೀರ್ತಿವರ್ಮನು ಕ್ರಿ. ಶ. ೭೫೭ರಲ್ಲಿ ಹೊರಡಿಸಿದ ತಾಮ್ರಶಾಸನವು ದೊರೆತುದು ಕೋಲಾರ ತಾಲ್ಲೂಕಿನ ಈ ಊರಿನಲ್ಲಿಯೇ. ಆ ಶಾಸನದಲ್ಲಿ ದಾನವಾಗಿ ಹೋದುದು ದೂರದ ಹಾನುಗಲ್ಲಿನ ಕಡೆಯ ಭೂಮಿ. ಅಂದಿಗೂ ಇಂದಿಗೂ ಕೊಡಲು ಯೋಗ್ಯವಾದ ಸಂಪತ್ತೆಂದರೆ ಭೂಮಿಯೇ. ಆದರೆ ಭೂಮಿಯು ಸಂಪತ್ತಾಗಿ ಉಳಿಯುವುದು ಅದರಿಂದ ತೆಗೆದುದನ್ನು ಅದಕ್ಕೆ ಮರಳಿ ಕೊಟ್ಟಾಗ ಮಾತ್ರ.

ಮಾರ್ಕಂಡೇಶ್ವರ ಬೆಟ್ಟದ ಸುತ್ತಣ ಈ ಸೀಮೆಯದು ಬಹುಪಾಲು ಕೆಂಪು ಮಣ್ಣು. ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ವರ್ಷಕ್ಕೆ ಬೀಳುವ ಮಳೆ ಸುಮಾರು ೭೦೦ ಮಿಲಿಮೀಟರಿನ ಆಸುಪಾಸು. ಉಳಿದುದು ಕೆರೆ ಮತ್ತು ಕೊಳವೆಬಾವಿಗಳ ಪಾಲು. ರಾಗಿ, ಅವರೆ, ಹಿಪ್ಪುನೇರಳೆ, ಮಾವು, ಟೊಮೇಟೊಗಳ ಜೊತೆಗೆ ನೆಲದೊಳಗೆ ಬೆಳೆಯುವ ಬೆಳೆಗಳೂ ನಮ್ಮಲ್ಲಿವೆ. ಆಲೂಗಡ್ಡೆಯು ಮಾರುಕಟ್ಟೆಯ ಬೆಳೆ. ಸಂಕ್ರಾಂತಿಯ ದಿನ ಅವರೆಕಾಯಿ, ಕಡಲೆಕಾಯಿಗಳೊಡನೆ ಬೇಯುವ ಗೆಣಸು ಹಬ್ಬದ ಬೆಳೆ. ತೆಲುಗು ಮಾತಿನ ಮನೆಗಳಲ್ಲಿ ಕಂದ ಎಂದು ಕರೆಯಲ್ಪಡುವ ಸುವರ್ಣಗೆಡ್ಡೆಯು ಹಿತ್ತಲಲ್ಲಿಯೂ ತೋಟದ ಅಂಚಿನಲ್ಲಿಯೂ ಬೆಳೆಯತಕ್ಕದ್ದು. ಈ ಗೆಡ್ಡೆಗಳಿಗೆ, ಮುಖ್ಯವಾಗಿ ಸುವರ್ಣಗೆಡ್ಡೆಗೆ, ಯಾವ ಗೊಬ್ಬರ ಮೇಲು ಎಂಬುದೇ ಈ ಲೇಖನದ ವಿಷಯ.

ಗೆಡ್ಡೆ ಏನನ್ನು ಕೇಳುತ್ತದೆ ?

ರಾಗಿಯ ತೆನೆ ನೆಲದ ಮೇಲೆ ತೂಗುತ್ತದೆ. ಅದಕ್ಕೆ ಜಾಗವನ್ನು ಯಾರೂ ಬಿಡಿಸಿಕೊಡಬೇಕಾಗಿಲ್ಲ. ಗೆಡ್ಡೆಯ ಸ್ಥಿತಿ ಹಾಗಲ್ಲ. ಅದು ಮಣ್ಣನ್ನು ತಳ್ಳಿಕೊಂಡು ಊದಬೇಕು. ಮಣ್ಣು ಗಟ್ಟಿಯಾಗಿದ್ದರೆ ಗೆಡ್ಡೆ ಸಣ್ಣದಾಗುತ್ತದೆ, ಸೊಟ್ಟಗಾಗುತ್ತದೆ. ಆದುದರಿಂದ ಗೆಡ್ಡೆಯ ಮೊದಲ ಬೇಡಿಕೆ ಆಹಾರವಲ್ಲ, ಸಡಿಲವಾದ ಮನೆ.

ಎರಡನೆಯದು ಆಹಾರ. ಸಸ್ಯಕ್ಕೆ ಬೇಕಾದ ಪೋಷಕಾಂಶಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಈ ಮೂರು ಮುಖ್ಯ. ಸಾರಜನಕವು ಎಲೆ ದಂಟುಗಳನ್ನು ಬೆಳೆಸುತ್ತದೆ. ರಂಜಕವು ಬೇರಿಗೆ ಬಲ ಕೊಡುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆಯು ಕೆಳಗಿಳಿದು ಗೆಡ್ಡೆಯಲ್ಲಿ ಪಿಷ್ಟವಾಗಿ ಕೂಡಲು ಪೊಟ್ಯಾಷ್ ಅವಶ್ಯಕ. ಧಾನ್ಯದ ಬೆಳೆಗಿಂತ ಗೆಡ್ಡೆಯ ಬೆಳೆಗೆ ಪೊಟ್ಯಾಷಿನ ಹಸಿವು ಹೆಚ್ಚಾಗಿರುವುದು ಈ ಕಾರಣದಿಂದಲೇ. ಸಾರಜನಕ ಮಿತಿ ಮೀರಿದರೆ ಗೆಣಸಿನ ಬಳ್ಳಿ ಹೊಲವನ್ನೆಲ್ಲ ಹಸಿರಾಗಿ ಮುಚ್ಚುತ್ತದೆ. ಅಗೆದು ನೋಡಿದರೆ ಬೆರಳುಗಾತ್ರದ ಬೇರುಗಳು! ಅತಿಯಾದರೆ ಅಮೃತವೂ ವಿಷ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಚೀಲದ ಗೊಬ್ಬರದ ಕಥೆ

ಸಸ್ಯವು ಮಣ್ಣಿನಿಂದ ಹೀರುವುದು ಖನಿಜ ಲವಣಗಳನ್ನು ಎಂದು ಜರ್ಮನಿಯ ರಸಾಯನ ಶಾಸ್ತ್ರಜ್ಞ ಲೀಬಿಗ್ ೧೮೪೦ರಲ್ಲಿ ಸಾರಿದನು. ಸಗಣಿಯಿಂದ ಬಂದ ನೈಟ್ರೇಟು, ಕಾರ್ಖಾನೆಯಿಂದ ಬಂದ ನೈಟ್ರೇಟು ಎಂಬ ಭೇದವನ್ನು ಬೇರು ಎಣಿಸುವುದಿಲ್ಲ. ೧೮೪೩ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ ಲಾಸ್ ಎಂಬಾತನು ಗೋಧಿಯ ಹೊಲವನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿ, ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ರಾಸಾಯನಿಕ ಗೊಬ್ಬರ, ಮತ್ತೊಂದಕ್ಕೆ ಏನೂ ಇಲ್ಲ ಎಂದು ಪ್ರಯೋಗವನ್ನು ಆರಂಭಿಸಿದನು. ಆ ಪ್ರಯೋಗ ಇಂದಿಗೂ ನಡೆಯುತ್ತಿದೆ. ಸರಿಯಾಗಿ ರಾಸಾಯನಿಕ ಗೊಬ್ಬರ ಪಡೆದ ಪಟ್ಟಿಯೂ ಕೊಟ್ಟಿಗೆ ಗೊಬ್ಬರ ಪಡೆದ ಪಟ್ಟಿಯೂ ಬಹುಕಾಲ ಹೆಚ್ಚುಕಡಿಮೆ ಸರಿಸಮನಾಗಿಯೇ ಫಸಲು ಕೊಟ್ಟವು.

ಈ ವಿದ್ಯೆಯು ನಮ್ಮ ನೆರೆಗೆ ಬರಲು ಬಹುಕಾಲ ಹಿಡಿಯಲಿಲ್ಲ. ೧೯೦೬ರಲ್ಲಿ ರಾಣಿಪೇಟೆಯಲ್ಲಿ ಸೂಪರ್ ಫಾಸ್ಫೇಟ್ ತಯಾರಿಕೆ ಪ್ರಾರಂಭವಾಯಿತು. ಭಾರತದಲ್ಲಿ ಅದೇ ಮೊದಲನೆಯದು. ನಂದಿಬೆಟ್ಟದ ಕಡೆ ಹುಟ್ಟಿ ನಮ್ಮ ಜಿಲ್ಲೆಯ ಕೆರೆಗಳನ್ನು ಹಾಯ್ದು ಹೋಗುವ ಪಾಲಾರ್ ನದಿಯ ದಂಡೆಯ ಊರು ಆ ರಾಣಿಪೇಟೆ. ಅನಂತರ ೧೯೩೦ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವು ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟನ್ನು ತಯಾರಿಸುವ ಕಾರ್ಖಾನೆಯನ್ನು ಕಂಡಿತು. ಹಳ್ಳಿಯ ಜನ ಇವನ್ನು ಸೀಮೆಗೊಬ್ಬರವೆಂದೂ ಸರ್ಕಾರಿ ಗೊಬ್ಬರವೆಂದೂ ಕರೆದರು.

ಚೀಲದ ಗೊಬ್ಬರದ ಗುಣವೆಂದರೆ ಸಾಂದ್ರತೆ. ನೂರು ಕಿಲೋ ಯೂರಿಯಾದಲ್ಲಿ ೪೬ ಕಿಲೋ ಸಾರಜನಕವಿರುತ್ತದೆ. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ರಂಜಕಾಂಶ ಶೇಕಡ ೧೬. ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿ ಪೊಟ್ಯಾಷ್ ಶೇಕಡ ೬೦. ತಲೆಯ ಮೇಲೆ ಹೊತ್ತು ಒಯ್ಯಬಹುದು. ಬೇಕಾದ ಹೊತ್ತಿಗೆ ಬೇಕಾದಷ್ಟನ್ನೇ ಹಾಕಬಹುದು. ವಾರದೊಳಗೆ ಎಲೆಯ ಬಣ್ಣ ತಿರುಗುತ್ತದೆ.

ದೋಷಗಳೂ ಇಲ್ಲದಿಲ್ಲ. ನಮ್ಮ ಕೆಂಪು ಮಣ್ಣಿಗೆ ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಹಾಕಿದ ಯೂರಿಯಾ ನೈಟ್ರೇಟಾಗಿ ಮಾರ್ಪಟ್ಟು ಜೋರು ಮಳೆಯೊಡನೆ ಕೆಳಕ್ಕೆ ಇಳಿದುಹೋಗುತ್ತದೆ. ಕೆಳಗಿರುವುದು ನಾವು ಕುಡಿಯುವ ನೀರು. ಕುಡಿಯುವ ನೀರಿನಲ್ಲಿ ಲೀಟರಿಗೆ ೪೫ ಮಿಲಿಗ್ರಾಂ ನೈಟ್ರೇಟು ಮಿತಿಯೆಂದು ನಿಗದಿಯಾಗಿದೆ. ನಮ್ಮ ಜಿಲ್ಲೆಯ ಹಲವೆಡೆ ಅಂತರ್ಜಲವು ಈ ಮಿತಿಯನ್ನು ಮೀರಿದೆ. ಇದರಲ್ಲಿ ತಿಪ್ಪೆಯ ಬಸಿ ನೀರು ಮತ್ತು ಶೌಚದ ಗುಂಡಿಗಳ ಪಾಲೂ ಇದೆಯೆಂಬುದನ್ನು ನ್ಯಾಯವಾಗಿ ಹೇಳಬೇಕು. ಮತ್ತೂ ಒಂದು ದೋಷವೆಂದರೆ, ಅಮೋನಿಯಂ ಸಲ್ಫೇಟು, ಯೂರಿಯಾಗಳು ವರ್ಷವರ್ಷವೂ ಬೀಳುತ್ತ ಬಂದರೆ ಮಣ್ಣು ಹುಳಿಯಾಗುತ್ತ ಹೋಗುತ್ತದೆ. ಕೆಂಪು ಮಣ್ಣಿನಲ್ಲಿರುವ ಕಬ್ಬಿಣವು ಹಾಕಿದ ರಂಜಕವನ್ನು ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಸಿಗದಂತೆ ಮಾಡುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಗೆಡ್ಡೆಯ ಮೊದಲ ಬೇಡಿಕೆಯಾದ ಸಡಿಲವಾದ ಮನೆಯನ್ನು ಯಾವ ಚೀಲವೂ ಕಟ್ಟಿಕೊಡದು.

ತಿಪ್ಪೆಯ ಗೊಬ್ಬರದ ಗುಣದೋಷ

ಇನ್ನು ತಿಪ್ಪೆಯ ಕಡೆ ತಿರುಗೋಣ. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸಾಮಾನ್ಯವಾಗಿ ಸುಮಾರು ೫ ಕಿಲೋ ಸಾರಜನಕ, ೨ ಕಿಲೋ ರಂಜಕ, ೫ ಕಿಲೋ ಪೊಟ್ಯಾಷ್ ಇರುತ್ತವೆ. ಲೆಕ್ಕದ ಕಣ್ಣಿಗೆ ಇದು ಬಹಳ ಅಲ್ಪ. ಆದರೆ ತಿಪ್ಪೆಯು ಕೊಡುವುದು ಈ ಮೂರನ್ನು ಮಾತ್ರವಲ್ಲ. ಕೊಳೆತ ಸಸ್ಯಾಂಶವು ಮಣ್ಣಿನ ಕಣಗಳನ್ನು ಹರಳುಹರಳಾಗಿ ಕೂಡಿಸುತ್ತದೆ. ಮಳೆ ನಿಂತ ಮೇಲೆ ಹೆಪ್ಪುಗಟ್ಟುವ ಕೆಂಪು ಮಣ್ಣು ಸಡಿಲವಾಗಿಯೇ ಉಳಿಯುತ್ತದೆ. ನೀರು ಹೆಚ್ಚು ದಿನ ನಿಲ್ಲುತ್ತದೆ. ಹಾಕಿದ ರಂಜಕ ಕಬ್ಬಿಣದ ಬಿಗಿಯಿಂದ ತಪ್ಪಿಸಿಕೊಳ್ಳುತ್ತದೆ. ಎರೆಹುಳುವಿಗೂ ಕಣ್ಣಿಗೆ ಕಾಣದ ಜೀವಿಗಳಿಗೂ ಆಹಾರ ದೊರೆಯುತ್ತದೆ. ಸತು, ಬೋರಾನ್ ಮುಂತಾದ ಅಲ್ಪಾಂಶಗಳೂ ಜೊತೆಯಲ್ಲಿ ಬರುತ್ತವೆ.

ತಿಪ್ಪೆಯ ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ಅದರಲ್ಲಿರುವ ಸಾರಜನಕದಲ್ಲಿ ಮೊದಲ ಬೆಳೆಗೆ ಒದಗುವುದು ಹೆಚ್ಚೆಂದರೆ ಮೂರನೆಯ ಒಂದು ಪಾಲು. ಮಿಕ್ಕುದು ಮುಂದಿನ ವರ್ಷಗಳ ಸಾಲ. ಸರಿಯಾಗಿ ಕೊಳೆಯದ ಹುಲ್ಲು ಕಸವನ್ನು ಹಾಕಿದರೆ, ಅದನ್ನು ಕೊಳೆಸುವ ಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ತಿಂದು ಬೆಳೆಯನ್ನು ಹಳದಿಗೆ ತಿರುಗಿಸುತ್ತವೆ. ಹಸಿ ಗೊಬ್ಬರದೊಡನೆ ಗೊಣ್ಣೆಹುಳು ಹೊಲಕ್ಕೆ ಬರುತ್ತದೆ. ಅದು ಕೊರೆಯುವುದು ಗೆಡ್ಡೆಯನ್ನೇ. ಕಳೆಯ ಬೀಜಗಳೂ ಬರುತ್ತವೆ. ಬಿಸಿಲು ಮಳೆಗೆ ಬಿಚ್ಚಿಟ್ಟ ತಿಪ್ಪೆಯ ಸಾರವು ಅರ್ಧಕ್ಕರ್ಧ ಗಾಳಿಗೂ ನೀರಿಗೂ ಹೋಗಿ, ಹೊಲಕ್ಕೆ ತಲಪುವುದು ಗಾಡಿ ಬಾಡಿಗೆಗೂ ಸಾಲದ ಪದಾರ್ಥ.

ಪ್ರಯೋಗಗಳು ಹೇಳುವುದೇನು ?

ವಾದಕ್ಕಿಂತ ಪ್ರಯೋಗ ಮೇಲು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದ ಮಣ್ಣು ನಮ್ಮ ಮಣ್ಣಿನ ಬಂಧುವೇ. ಅಲ್ಲಿ ೧೯೭೮ರಿಂದ ಖುಷ್ಕಿ ರಾಗಿಯ ಮೇಲೆ ದೀರ್ಘಕಾಲದ ಪ್ರಯೋಗ ನಡೆದುಬಂದಿದೆ. ಬರಿಯ ರಾಸಾಯನಿಕ ಗೊಬ್ಬರ ಪಡೆದ ತುಂಡುಗಳು ಮೊದಮೊದಲು ಚೆನ್ನಾಗಿ ಬೆಳೆದು ವರ್ಷಗಳು ಕಳೆದಂತೆ ಇಳಿಮುಖವಾದವು. ಹೆಕ್ಟೇರಿಗೆ ೧೦ ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ರಾಸಾಯನಿಕ ಗೊಬ್ಬರವನ್ನೂ ಪಡೆದ ತುಂಡುಗಳು ಹೆಚ್ಚಾದ, ಸ್ಥಿರವಾದ ಫಸಲನ್ನು ಕೊಟ್ಟವು. ರಾಥಮ್‌ಸ್ಟೆಡ್ಡಿನ ತಂಪು ದೇಶದ ಅನುಭವವನ್ನು ಇಲ್ಲಿಗೆ ಹಾಗೆಯೇ ತರಲಾಗದೆಂಬುದು ಇದರಿಂದ ಸ್ಪಷ್ಟ. ನಮ್ಮ ಬಿಸಿಲಿನಲ್ಲಿ ಮಣ್ಣಿನ ಸಾವಯವಾಂಶ ಬೇಗ ಉರಿದುಹೋಗುತ್ತದೆ. ಅದನ್ನು ಮತ್ತೆ ಮತ್ತೆ ತುಂಬಲೇಬೇಕು.

ರಾಗಿಯ ಮಾತಾಯಿತು, ಗೆಡ್ಡೆಯ ಮಾತೇನು ? ೧೯೬೩ರಲ್ಲಿ ಸ್ಥಾಪಿತವಾದ ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ತಿರುವನಂತಪುರದ ಶ್ರೀಕಾರ್ಯದಲ್ಲಿದೆ. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿ ಸುವರ್ಣಗೆಡ್ಡೆಯನ್ನು ಐದು ವರ್ಷಗಳ ಕಾಲ ಸಾವಯವ ಕ್ರಮದಲ್ಲಿಯೂ ರೂಢಿಯ ಕ್ರಮದಲ್ಲಿಯೂ ಬೆಳೆದು ಹೋಲಿಸಿದರು. ಸಾವಯವ ಕ್ರಮದಲ್ಲಿ ಫಸಲು ಸುಮಾರು ಶೇಕಡ ೨೦ರಷ್ಟು ಹೆಚ್ಚಾಗಿ ಬಂದಿತು. ನಾಲಗೆ ತುರಿಸಲು ಕಾರಣವಾದ ಆಕ್ಸಲೇಟಿನ ಅಂಶವೂ ಕಡಿಮೆಯಾಗಿತ್ತು.

ಇದನ್ನು ಓದಿದೊಡನೆ ಚೀಲವನ್ನು ಬಿಸಾಡಿಬಿಡೋಣವೆಂದು ತೋರುವುದು ಸಹಜ. ಆದರೆ ಅವರು ಹಾಕಿದುದೆಷ್ಟೆಂದು ನೋಡಬೇಕು: ಹೆಕ್ಟೇರಿಗೆ ಸುಮಾರು ೩೬ ಟನ್ ಕೊಟ್ಟಿಗೆ ಗೊಬ್ಬರ, ಅದರ ಮೇಲೆ ಅಲಸಂದೆಯ ಹಸಿರು ಗೊಬ್ಬರ, ಬೇವಿನ ಹಿಂಡಿ ಮತ್ತು ಬೂದಿ. ಎಕರೆಗೆ ಲೆಕ್ಕ ಹಾಕಿದರೆ ಸಗಣಿ ಗೊಬ್ಬರವೇ ಹದಿನಾಲ್ಕು ಟನ್ನಿಗೂ ಮೇಲು. ಅಲ್ಲದೆ ಕೇರಳದ ಮಳೆ ನಮ್ಮ ಮಳೆಯಲ್ಲ.

ಒಂದು ಎಕರೆಯ ಲೆಕ್ಕ

ಸುವರ್ಣಗೆಡ್ಡೆಯನ್ನು ೯೦ ಸೆಂಟಿಮೀಟರ್ ಅಂತರದಲ್ಲಿ ಗುಣಿ ತೋಡಿ ನೆಡುವುದು ರೂಢಿ. ಹಾಗೆ ನೆಟ್ಟರೆ ಎಕರೆಗೆ ಸುಮಾರು ೫೦೦೦ ಗುಣಿಗಳು. ಸಾಮಾನ್ಯ ಶಿಫಾರಸಿನಂತೆ ಹೆಕ್ಟೇರಿಗೆ ೨೫ ಟನ್ ಕೊಟ್ಟಿಗೆ ಗೊಬ್ಬರ, ಜೊತೆಗೆ ೧೦೦ ಕಿಲೋ ಸಾರಜನಕ, ೫೦ ಕಿಲೋ ರಂಜಕ, ೧೫೦ ಕಿಲೋ ಪೊಟ್ಯಾಷ್. ಎಕರೆಗೆ ಇದು ೧೦ ಟನ್ ಗೊಬ್ಬರ ಮತ್ತು ೪೦, ೨೦, ೬೦ ಕಿಲೋ ಪೋಷಕಾಂಶಗಳಾಗುತ್ತದೆ. ಗುಣಿಯ ಲೆಕ್ಕದಲ್ಲಿ ಹೇಳುವುದಾದರೆ, ಒಂದೊಂದಕ್ಕೆ ೨ ಕಿಲೋ ಕೊಟ್ಟಿಗೆ ಗೊಬ್ಬರ, ಸುಮಾರು ೧೭ ಗ್ರಾಂ ಯೂರಿಯಾ, ೨೫ ಗ್ರಾಂ ಸೂಪರ್ ಫಾಸ್ಫೇಟ್, ೨೦ ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಹಿತ್ತಲಲ್ಲಿ ಒಂದು ಗುಂಟೆ ಬೆಳೆಯುವವರಿಗೆ ೧೨೫ ಗುಣಿ. ೨೫೦ ಕಿಲೋ ಗೊಬ್ಬರ ಸಾಕು.

ಈಗ ತಿಪ್ಪೆಯೊಂದರಿಂದಲೇ ೪೦ ಕಿಲೋ ಸಾರಜನಕವನ್ನು ಮೊದಲ ವರ್ಷವೇ ಒದಗಿಸಬೇಕೆಂದರೆ ಎಷ್ಟು ಬೇಕು ? ಟನ್ನಿನಲ್ಲಿರುವ ೫ ಕಿಲೋದಲ್ಲಿ ಮೂರನೆಯ ಒಂದು ಪಾಲು ಮಾತ್ರ ದೊರೆಯುವುದರಿಂದ, ಸುಮಾರು ೨೪ ಟನ್. ಒಂದು ಹಸು ದಿನಕ್ಕೆ ೧೦ ಕಿಲೋ ಸಗಣಿ ಹಾಕಿತೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಅದು ಮೂರೂವರೆ ಟನ್ನಿಗೆ ಸ್ವಲ್ಪ ಮೇಲು. ಕೊಳೆತು ಅರ್ಧಕ್ಕೆ ಇಳಿದರೆ ೧.೮ ಟನ್. ಎಂದರೆ ಎಕರೆಯೊಂದಕ್ಕೆ ಹದಿಮೂರು ಹಸು ! ಎರಡು ಹಸು ಕಟ್ಟಿರುವ ಮನೆಗೆ ಇದು ಆಗತಕ್ಕ ಮಾತಲ್ಲ. ಆ ಮನೆಯಲ್ಲಿ ವರ್ಷಕ್ಕೆ ದೊರೆಯುವುದು ಮೂರೂವರೆ ಟನ್. ಅದರಲ್ಲಿ ಶಿಫಾರಸಿನಂತೆ ಸುವರ್ಣಗೆಡ್ಡೆ ಬೆಳೆಯಲಾಗುವುದು ಹದಿನಾಲ್ಕು ಗುಂಟೆ. ರಾಗಿಯ ಹೊಲಕ್ಕೆ ಏನೂ ಉಳಿಯದು.

ನಿಜವಾದ ಸಮಸ್ಯೆ ಇಲ್ಲಿದೆ. ಯಾವ ಗೊಬ್ಬರ ಮೇಲು ಎಂಬ ಪ್ರಶ್ನೆಯ ಹಿಂದೆ ಯಾವ ಗೊಬ್ಬರ ಇದೆ ಎಂಬ ಪ್ರಶ್ನೆ ನಿಂತಿದೆ. ಭಾರತದ ಬೇಸಾಯವನ್ನು ಪರಿಶೀಲಿಸಲು ಬಂದ ವೋಲ್ಕರ್ ಎಂಬ ವಿದ್ವಾಂಸನು ೧೮೯೩ರ ತನ್ನ ವರದಿಯಲ್ಲಿ, ಸೌದೆಯಿಲ್ಲದೆ ಸಗಣಿ ಬೆರಣಿಯಾಗಿ ಉರಿದುಹೋಗುತ್ತಿರುವುದನ್ನು ಎತ್ತಿ ಹೇಳಿದನು. ಈಗ ಗ್ಯಾಸ್ ಒಲೆ ಬಂದು ಸಗಣಿ ಒಲೆಯಿಂದ ಪಾರಾಯಿತು. ಆದರೆ ಅದೇ ಗ್ಯಾಸಿನಿಂದ ಬೂದಿ ಇಲ್ಲವಾಯಿತು. ನಮ್ಮ ಅಜ್ಜಿಯರು ಗೆಡ್ಡೆಯ ಬುಡಕ್ಕೆ ಎರಚುತ್ತಿದ್ದ ಬೂದಿಯೇ ಅಂದಿನ ಪೊಟ್ಯಾಷ್ ಗೊಬ್ಬರ. ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದವು. ಬೇಸಗೆಯಲ್ಲಿ ಬತ್ತಿದ ಕೆರೆಯಿಂದ ಗೋಡನ್ನು ಹೊಡೆದು ಹೊಲಕ್ಕೆ ಹರಡುವ ಪದ್ಧತಿಯೂ ಕ್ಷೀಣಿಸಿತು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ೨೦೧೮ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ನೀರು ನಿಂತ ಕೆರೆಯಲ್ಲಿ ಗೋಡು ತೆಗೆಯಲಾಗದು.

ಇನ್ನೊಂದು ಕಡೆ, ಚೀಲಗಳಲ್ಲಿಯೂ ಸಮತೋಲವಿಲ್ಲ. ೨೦೧೦ರಲ್ಲಿ ರಂಜಕ ಪೊಟ್ಯಾಷ್ ಗೊಬ್ಬರಗಳಿಗೆ ಪೋಷಕಾಂಶವನ್ನು ಅನುಸರಿಸಿದ ಸಹಾಯಧನ ಪದ್ಧತಿ ಬಂದಿತು. ಯೂರಿಯಾವನ್ನು ಅದರಿಂದ ಹೊರಗಿಟ್ಟು ಅದರ ಬೆಲೆಯನ್ನು ಸರ್ಕಾರವೇ ಅಗ್ಗವಾಗಿ ಉಳಿಸಿತು. ಅಗ್ಗವಾದುದು ಹೆಚ್ಚು ಖರ್ಚಾಗುವುದು ಅರ್ಥಶಾಸ್ತ್ರದ ಮೊದಲ ಪಾಠ. ಪರಿಣಾಮವೇನೆಂದರೆ, ಪೊಟ್ಯಾಷನ್ನು ಕೇಳುವ ಗೆಡ್ಡೆಗೆ ನಾವು ಯೂರಿಯಾವನ್ನು ಉಣಿಸುತ್ತಿದ್ದೇವೆ.

ಹಾಗಾದರೆ ಮಾಡತಕ್ಕದ್ದೇನು ?

ಎರಡು ಗೊಬ್ಬರಗಳನ್ನು ಸವತಿಯರಂತೆ ಕಾಣದೆ, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬುವುದೇ ಸರಿಯಾದ ಮಾರ್ಗ. ಇರುವ ಸ್ವಲ್ಪ ತಿಪ್ಪೆಯ ಗೊಬ್ಬರವನ್ನು ಹೊಲದ ತುಂಬ ಚೆಲ್ಲದೆ ಗುಣಿಗೇ ಹಾಕಬೇಕು. ಅದು ಮನೆಯನ್ನು ಸಡಿಲಗೊಳಿಸಲಿ. ನೆಡುವ ಮೊದಲು ಹೋಳುಗಳನ್ನು ಸಗಣಿ ಬಗ್ಗಡದಲ್ಲಿ ಅದ್ದಿ ಆರಿಸುವ ರೂಢಿಯನ್ನು ಬಿಡಬಾರದು. ಮೊಳಕೆ ಮೇಲೆದ್ದು, ಸುಮಾರು ನಲವತ್ತೈದು ದಿನಗಳಾದಾಗ ಸೂಪರ್ ಫಾಸ್ಫೇಟನ್ನು ಪೂರ್ತಿಯಾಗಿಯೂ, ಯೂರಿಯಾ ಮತ್ತು ಪೊಟ್ಯಾಷನ್ನು ಅರ್ಧರ್ಧವಾಗಿಯೂ ಕೊಟ್ಟು, ಉಳಿದರ್ಧವನ್ನು ಒಂದು ತಿಂಗಳ ತರುವಾಯ ಕೊಟ್ಟು ಮಣ್ಣು ಏರಿಸಬೇಕು. ಒಂದೇ ಸಲಕ್ಕೆ ಸುರಿದರೆ ಮಳೆಯ ಪಾಲು.

ತಿಪ್ಪೆಯನ್ನು ಹೆಚ್ಚಿಸುವ ಉಪಾಯ ನಮ್ಮ ನಾಡಿನಲ್ಲಿಯೇ ಹುಟ್ಟಿದೆ. ಆಲ್ಬರ್ಟ್ ಹೋವರ್ಡನು ಇಂದೂರಿನಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನದಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಿ ನೀರು ಹಾಕುತ್ತಿರಬೇಕು. ೧೯೩೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ ‘ಬೆಂಗಳೂರು ವಿಧಾನ’ದಲ್ಲಿ ಕಸವನ್ನು ಗುಂಡಿಯಲ್ಲಿ ಪದರಪದರವಾಗಿ ತುಂಬಿ ಮೇಲೆ ಮಣ್ಣು ಮುಚ್ಚಿಬಿಡುವುದು. ಆರರಿಂದ ಎಂಟು ತಿಂಗಳು ಹಿಡಿದರೂ ಮಗುಚುವ ಕೂಲಿಯಿಲ್ಲ, ನೀರಿನ ಖರ್ಚು ಕಡಿಮೆ, ಸಾರಜನಕದ ನಷ್ಟವೂ ಅಲ್ಪ. ನೀರಿಗೆ ಬಡವಾದ ನಮ್ಮ ಜಿಲ್ಲೆಗೆ ಇದೇ ಹೊಂದುವಂಥದು. ರಾಗಿ ಹೊಟ್ಟು, ಅವರೆ ಸಿಪ್ಪೆ, ರೇಷ್ಮೆಹುಳುವಿನ ಹಿಕ್ಕೆ, ಅವು ತಿಂದು ಬಿಟ್ಟ ಸೊಪ್ಪು ಇವೆಲ್ಲವೂ ಆ ಗುಂಡಿಗೆ ಆಹಾರ. ಬದುವಿನ ಹೊಂಗೆಯ ಸೊಪ್ಪು, ಹೊಂಗೆಯ ಹಿಂಡಿಗಳನ್ನು ಮರೆಯಬಾರದು. ಗೆಡ್ಡೆಯ ಸಾಲುಗಳ ನಡುವೆ ಅಲಸಂದೆಯನ್ನು ಬಿತ್ತಿ ಹೂಬಿಡುವ ಮುನ್ನ ಮಣ್ಣಿಗೆ ಸೇರಿಸಿದರೆ, ಗಾಳಿಯಲ್ಲಿರುವ ಸಾರಜನಕವು ಕಾಸಿಲ್ಲದೆ ಹೊಲಕ್ಕೆ ಇಳಿಯುತ್ತದೆ.

ಕೊನೆಯದಾಗಿ, ಹೊಲದಲ್ಲಿ ಏನಿದೆಯೆಂದು ತಿಳಿಯದೆ ಗೊಬ್ಬರ ಹಾಕುವುದು ರೋಗವನ್ನು ಕೇಳದೆ ಔಷಧ ಕುಡಿದಂತೆ. ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ೨೦೧೫ರಿಂದ ಮಣ್ಣು ಆರೋಗ್ಯ ಚೀಟಿಯ ಯೋಜನೆಯೂ ಬಂದಿದೆ. ಹೊಲದ ಏಳೆಂಟು ಕಡೆ ಗೇಣುದ್ದದ ಗುಣಿ ತೆಗೆದು, ಮೇಲಿಂದ ಕೆಳಗಿನವರೆಗೆ ತೆಳುವಾದ ಹೋಳು ಮಣ್ಣನ್ನು ಕೆರೆದು, ಎಲ್ಲವನ್ನೂ ಬೆರೆಸಿ ನೆರಳಲ್ಲಿ ಆರಿಸಿ, ಅದರಲ್ಲಿ ಅರ್ಧ ಕಿಲೋ ಕಟ್ಟಿದರೆ ಅದೇ ಮಾದರಿ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗಗಳನ್ನು ಬಿಡಬೇಕು. ಇದಕ್ಕೆ ಬೇಕಾದುದು ಒಂದು ಗುದ್ದಲಿ, ಒಂದು ಚೀಲ, ಮತ್ತು ಬರೆಯಲು ಓದಲು ಬರುವ ಒಬ್ಬ ಮಗ ಅಥವಾ ಮಗಳು. ಫಲಿತಾಂಶದ ಹಾಳೆಯಲ್ಲಿರುವ ಅಂಕಿಗಳನ್ನು ಮನೆಯವರಿಗೆ ಓದಿ ವಿವರಿಸುವ ಕೆಲಸ ನಮ್ಮದು.

ಬೇಸಗೆಯ ರಜೆ ಬರುವುದೂ, ಸುವರ್ಣಗೆಡ್ಡೆಗೆ ಗುಣಿ ತೋಡುವ ಕಾಲವೂ ಹೆಚ್ಚುಕಡಿಮೆ ಒಂದೇ. ಪರೀಕ್ಷೆಯ ಪುಸ್ತಕಗಳನ್ನು ಕಟ್ಟಿಟ್ಟ ಮೇಲೆ ವಿದ್ಯಾರ್ಥಿ ಮಿತ್ರರು ಈ ಒಂದು ಪರೀಕ್ಷೆಯನ್ನೂ ಮಾಡಿಸಿದರೆ, ಮುಂದಿನ ವರ್ಷ ಮನೆಗೆ ಒಂದೆರಡು ಚೀಲ ಯೂರಿಯಾದ ಖರ್ಚು ಉಳಿದೀತು, ಮಣ್ಣೂ ಉಳಿದೀತು.